ಪೆನ್ಸಿಲ್ ಮಾಡಿದ ತೂತು

ಕೊರಿನ್ ನಮ್ಮ ಓಹಾಯೋ ಊರಿನ ಪತ್ರಿಕೆಗೆ ಕರಡು ತಿದ್ದಲು ಬಂದು ಮೂರು ತಿಂಗಳಾಗಿತ್ತು. ನಾನು ಬಂದು ಹತ್ತೊಂಬತ್ತು ವರ್ಷ. ಆದರೂ ಪ್ರತಿ ಶುಕ್ರವಾರ, ವಾರದ ಜಾಣ ತಿದ್ದುಪಡಿ ಯಾರದೆಂದು ನಾವೇ ಬರೆದು ಹಲಗೆಗೆ ಚುಚ್ಚುವ ಚೀಟಿಯಲ್ಲಿ ಈಗ ಅವಳದೇ ಹೆಸರು. ನನಗೆ ಹೊಟ್ಟೆಯುರಿ, ಸುಳ್ಳೇಕೆ ಹೇಳಲಿ? ನಮ್ಮ ಮುಖ್ಯಸ್ಥ ಆರ್ಲೋ ತಿಂಗಳ ಕೊನೆಗೆ ನಿವೃತ್ತನಾಗುವವನಿದ್ದ. ಅವನ ಕುರ್ಚಿ ನಮ್ಮಿಬ್ಬರಲ್ಲಿ ಒಬ್ಬರಿಗೆ.

"ಏನ್ ಕಣ್ಣಮ್ಮಾ ನಿಂದು, ಹದ್ದಿನ ಕಣ್ಣು!" ಎಂದು ಆರ್ಲೋ ಅವಳನ್ನು ಹೊಗಳುತ್ತಿದ್ದ.

"ಕಲಿಸಿದ್ದು ವರ್ನಾ ಅಲ್ವಾ," ಎಂದು ಅವಳು ನನ್ನತ್ತ ಕೈ ತೋರುತ್ತಿದ್ದಳು. ಆ ವಿನಯ ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮಲ್ಲಿ ಒಬ್ಬರು ಓದಿದ ಪುಟವನ್ನು ಇನ್ನೊಬ್ಬರು ಓದಿ ಸಹಿ ಹಾಕಬೇಕು. ತಪ್ಪು ಅಚ್ಚಾದರೆ ಬೈಗುಳವೆಲ್ಲ ಮೊದಲ ಸಲ ಓದಿದವರಿಗೇ. ಆ ಗುರುವಾರ ಕೊರಿನ್ ಓದಿದ ಪುಟ ನನಗೆ ಬಂತು. ನಾನು ಪ್ರತಿ ಪದದ ಕೆಳಗೂ ಪೆನ್ಸಿಲ್ ಮುಟ್ಟಿಸುತ್ತಾ ಓದುವವಳು. ಮಾಜಿ ಯೋಧರ ಊಟದ ಸುದ್ದಿಯ ತಲೆಬರಹದಲ್ಲಿ ಪೆನ್ಸಿಲ್ ನಿಂತಿತು. ಯೋಧರು ಬಹಳ ಮಂದಿ. ಯೋಧರ ಎನ್ನುವ ಇಂಗ್ಲಿಷ್ ಪದದಲ್ಲಿ ಅಪಾಸ್ಟ್ರಫಿ ಎಂಬ ಪುಟ್ಟ ಕೊಕ್ಕೆ ಕೊನೆಯ ಎಸ್ ಅಕ್ಷರದ ಆಚೆ ಕೂರಬೇಕು. ಅದು ಈಚೆ ಕೂತು, ಇಡೀ ಊರಿಗೆ ಒಬ್ಬನೇ ಯೋಧ ಎಂದು ಸಾರುತ್ತಿತ್ತು. ಬೆಳಗಾದರೆ ಮುದುಕರೆಲ್ಲ ಆರ್ಲೋಗೆ ಫೋನ್ ಮಾಡಿ ಕೂಗಾಡುವುದು ಖಂಡಿತ.

ಕೂಗಾಡಲಿ, ಅವಳ ಹದ್ದಿನ ಕಣ್ಣಿಗೂ ಒಂದು ಪೆಟ್ಟು ಬೀಳಲಿ ಅಂದುಕೊಂಡೆ. ತಿದ್ದದೆ ಸಹಿ ಹಾಕಿ ವಾಪಸ್ ಕೊಟ್ಟೆ.

ಮರುದಿನ ಪತ್ರಿಕೆ ಬಿಡಿಸಿದರೆ ತಲೆಬರಹ ಸರಿಯಾಗಿತ್ತು! ಹಲಗೆಯ ಮೇಲೆ ಹೊಸ ಚೀಟಿ. ಅದರಲ್ಲಿ ಕೊರಿನ್ ಬರೆದಿದ್ದ ಹೆಸರು ನನ್ನದು.

"ಅಚ್ಚಿಗೆ ಕಳಿಸೋ ಮುಂಚೆ ಇನ್ನೊಂದ್ಸಲ ಕಣ್ಣಾಡಿಸ್ದೆ," ಎಂದಳು. "ಅಲ್ಲಿ ನಿಮ್ಮ ಪೆನ್ಸಿಲ್ ಒತ್ತಿ ಕಾಗದಾನೇ ತೂತಾಗಿತ್ತು. ಗುರುತು ಹಾಕೋದು ಮರೆತಿದ್ರಿ ಅಷ್ಟೆ. ಹಿಡಿದಿದ್ದು ನೀವೇ ಅಲ್ವಾ?"

ಆರ್ಲೋ ಚೀಟಿ ಓದಿ ತನ್ನ ಕುರ್ಚಿಯನ್ನು ನನ್ನತ್ತ ತಳ್ಳಿದ. "ನಿನ್ನೆವರೆಗೂ ಯಾರಿಗೆ ಅಂತ ತಲೆ ಕೆಡಿಸ್ಕೊಂಡಿದ್ದೆ. ಕೂತ್ಕೋ ಮಾರಾಯ್ತಿ, ಇದು ನಿಂದೇ."

ಕೂತೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಕೊರಿನ್. ಅವಳಿಗೆ ನಿಜ ಗೊತ್ತಿತ್ತೇ ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಕುರ್ಚಿ ಸಿಕ್ಕಿದರೂ ಹೊಟ್ಟೆಯುರಿ ಆರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಚೀಟಿಯಲ್ಲಿ ಅವಳ ಹೆಸರು ಬರೆಯುತ್ತಿರಲಿಲ್ಲ.