ಹಾರ್ನ್ ಊದಿದ ಮೇಲೆ ಬಂದ ಅಲೆ

ನಾನು ಒಂದು ಸರ್ಫಿಂಗ್ ಹಲಗೆ. ಅಲೆಯ ಮೇಲೆ ನಿಂತು ಜಾರುವವರ ಕಾಲ ಕೆಳಗೆ ಇರುವುದೇ ನನ್ನ ಕಸುಬು. ಮೂಲ್ಕಿಯ ಆಚೆ, ನದಿ ಕಡಲು ಸೇರುವ ಅಳಿವೆಯ ಹತ್ತಿರ, ದೋಣಿ ರಿಪೇರಿಯ ಶೆಡ್ಡೊಂದರಲ್ಲಿ ಹುಟ್ಟಿದೆ. ನನ್ನನ್ನು ಮಾಡಿದವರು ಬಾಸಿಲ್ ಡಿಸೋಜ. ಫೈಬರ್ ದೋಣಿಗಳ ತೂತು ಮುಚ್ಚುವುದು ಅವರ ಹೊಟ್ಟೆಪಾಡು. ಸರ್ಫಿಂಗ್ ಹಲಗೆ ಮಾಡುವುದು ಅವರ ಹುಚ್ಚು. ನಡುವೆ ಮರದ ಪಟ್ಟಿಯಿದ್ದ ಬಿಳಿ ಫೋಮನ್ನು ಉಜ್ಜಿ ಉಜ್ಜಿ ಆಕಾರಕ್ಕೆ ತಂದರು. ಅದರ ಮೇಲೆ ಫೈಬರ್ ಬಟ್ಟೆ ಹೊದಿಸಿ ರೆಸಿನ್ ಅಂಟು ಎರೆದರು. ಬಾಲದ ಅಡಿಗೆ ಮೂರು ರೆಕ್ಕೆ ಕೂರಿಸಿದರು. ಎಲ್ಲ ಒಣಗಿದ ಮೇಲೆ, ಹಲಸಿನ ಹಣ್ಣು ನೋಡುವವರ ಹಾಗೆ ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳಿದರು. ಅವರ ಮುಖ ಅರಳಿತು. ಇನ್ನು ಕಡಲಿಗೆ ಇಳಿಯುವುದೇ ಬಾಕಿ ಎಂದುಕೊಂಡೆ.

ಆದರೆ ನನ್ನನ್ನು ಮಾಡಿಸಿದ್ದು ಮಂಗಳೂರಿನ ಒಬ್ಬ ದಂತವೈದ್ಯರು. ಅವರು ಕೆಲವು ಭಾನುವಾರ ನನ್ನ ಮೇಲೆ ಹತ್ತಿ ಬಿದ್ದರು, ಆಮೇಲೆ ಸೊಂಟ ಹಿಡಿದುಕೊಂಡು ಮನೆಗೆ ಹೋದರು. ನನ್ನನ್ನು ಕ್ಲಿನಿಕ್ಕಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಕೆಳಗೆ ಕೆನ್ನೆ ಊದಿಸಿಕೊಂಡ ಜನ ಸರದಿಗೆ ಕಾಯುತ್ತ ಕೂತಿರುತ್ತಿದ್ದರು. ಮಳೆಗಾಲದಲ್ಲಾದರೂ ಕಡಲಿನ ಸದ್ದು ಕೇಳೀತು ಎಂದು ನಾನು ಕಿವಿ ನಿಮಿರಿಸುತ್ತಿದ್ದೆ. ಕೇಳುತ್ತಿದ್ದದ್ದು ಹಲ್ಲು ಕೊರೆಯುವ ಯಂತ್ರದ ಸದ್ದು ಮಾತ್ರ.

ಕ್ಲಿನಿಕ್ಕಿಗೆ ಹೊಸ ಬಣ್ಣ ಬಳಿಸುವಾಗ ನನ್ನ ಹಳದಿ ಅಂಚು ಗೋಡೆಗೆ ಹೊಂದುವುದಿಲ್ಲವೆಂದು ಬಾಸಿಲರ ಶೆಡ್ಡಿಗೆ ವಾಪಸು ಕಳಿಸಿದರು. ಅಲ್ಲಿ ರಮಿತಾ ನನ್ನನ್ನು ಕಂಡಳು. ನಾಡದೋಣಿಯಲ್ಲಿ ಮೀನು ಹಿಡಿಯುವ ವಾಮನ ತಿಂಗಳಾಯರ ಮಗಳು. ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಮೂತಿ ಮುರಿದ ಹಳೆಯ ಹಲಗೆಯೊಂದರ ಮೇಲೆ ನಿಂತು ಅಳಿವೆಯ ಅಲೆಗಳನ್ನು ಹಿಡಿಯುವುದನ್ನು ತಾನೇ ಕಲಿತವಳು.

ಬಾಸಿಲ್ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಇದು ಗೋಡೆಗೆ ನೇತು ಹಾಕ್ಲಿಕ್ಕೆ ಮಾಡಿದ್ದಲ್ಲ,” ಎಂದರು. “ನೀನು ಕೊಂಡೋಗು.”

ಮರುದಿನ ಬೆಳಿಗ್ಗೆ ಅವಳು ಕಾಲು ಜಾರದಂತೆ ನನ್ನ ಬೆನ್ನಿಗೆ ಮೇಣ ತಿಕ್ಕಿ ನೀರಿಗಿಳಿದಳು. ಮೊದಲ ಅಲೆಯಲ್ಲೇ ಅವಳ ಪಾದ ನನಗೆ ಅರ್ಥವಾಯಿತು. ಎಡಕ್ಕೆ ತಿರುಗಬೇಕಾದಾಗ ಹಿಮ್ಮಡಿ ಒತ್ತುವ ಮೊದಲೇ ಹೆಬ್ಬೆರಳು ಮಡಚಿಕೊಳ್ಳುತ್ತಿತ್ತು. ಹೆದರಿಕೆಯಾದರೆ ಐದೂ ಬೆರಳು ನನ್ನನ್ನು ಪರಚುತ್ತಿದ್ದವು. ಮುಖ ನೋಡುವವರಿಗೆ ತಿಳಿಯದ ರಮಿತಾ ನನಗೆ ಕೆಳಗಿನಿಂದ ತಿಳಿಯುತ್ತಿದ್ದಳು.

ವಾಮನರಿಗೆ ಇದು ಹಿಡಿಸಲಿಲ್ಲ. ಮಗಳನ್ನು ತಡೆಯಲಿಲ್ಲ, ಬೈಯಲೂ ಇಲ್ಲ. ಒಂದು ದಿನ ಬಲೆ ಬಿಡಿಸುತ್ತ ತಲೆಯೆತ್ತದೆ ಕೇಳಿದರು, “ಬೆಳಿಗ್ಗೆಯಿಂದ ಕಡಲಲ್ಲಿದ್ದು ಬರಿಗೈಯಲ್ಲಿ ಬರುದು ಎಂತ ಕಸುಬು, ಮಗಾ?” ಅವಳು ನನ್ನನ್ನು ಮನೆಯ ಹಿಂದೆ ಯಾವತ್ತಿಗಿಂತ ಜೋರಾಗಿ ಒರಗಿಸಿದಳು.

ಮೊದಲ ರಾಷ್ಟ್ರೀಯ ಸ್ಪರ್ಧೆಗೆ ನಾವು ರೈಲಿನಲ್ಲಿ ತಮಿಳುನಾಡಿಗೆ ಹೋದೆವು. ಅವಳು ಎಲ್ಲರಿಗಿಂತ ಚೆನ್ನಾಗಿ ಅಲೆ ಹತ್ತಿದಳು, ಆದರೂ ಸೋತಳು. ಬೇರೊಬ್ಬಳ ಹಕ್ಕಿನ ಅಲೆಯನ್ನು ಹತ್ತಿದಳೆಂದು ತೀರ್ಪುಗಾರರು ಅವಳ ಅಂಕ ಕತ್ತರಿಸಿದರು. ಸ್ಪರ್ಧೆಯಲ್ಲಿ ಒಂದು ಅಲೆಗೆ ಒಬ್ಬರೇ. ನಮ್ಮ ಅಳಿವೆಯಲ್ಲಿ ಒಂದೇ ಅಲೆಯನ್ನು ನಾಲ್ಕು ಜನ ನಗುನಗುತ್ತ ಹತ್ತುತ್ತಿದ್ದರು. ಅಲೆಗೆ ಹಕ್ಕುದಾರರಿರುತ್ತಾರೆಂದು ಅವಳಿಗೆ ಯಾರು ಹೇಳಿದ್ದರು? ವಾಪಸು ಬರುವಾಗ ಇಡೀ ದಾರಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಆಮೇಲೆ ಅವಳು ನಿಯಮಗಳನ್ನೂ ಕಲಿತಳು. ಗೆಲ್ಲತೊಡಗಿದಳು. ಪೇಪರಿನಲ್ಲಿ ಫೋಟೋ ಬಂತು. ತಂಪು ಪಾನೀಯದ ಕಂಪೆನಿಯೊಂದು ಅವಳ ಖರ್ಚು ವಹಿಸಿಕೊಂಡು ನನ್ನ ಎದೆಗೆ ದೊಡ್ಡದೊಂದು ಕೆಂಪು ಸ್ಟಿಕ್ಕರ್ ಅಂಟಿಸಿತು. ಊರಿನವರು ಅವಳನ್ನು ‘ಪ್ರೊಫೆಷನಲ್’ ಎಂದು ಕರೆಯತೊಡಗಿದರು. ಕೊನೆಗೆ ಇಂಡೋನೇಷ್ಯಾದಲ್ಲಿ ನಡೆಯುವ ದೊಡ್ಡ ಸ್ಪರ್ಧೆಗೆ ಆಯ್ಕೆಯಾದಳು. ಅವಳು ಕಾದಿದ್ದು ಅದಕ್ಕೇ.

ಈಗ ನೆನೆದರೂ ನನಗೆ ಮೈಯೆಲ್ಲ ಉರಿಯುತ್ತದೆ. ಅವಳು ಸರಿಯಾದ ಊರಿನಲ್ಲಿ ಇಳಿದಳು, ನಾನು ಇಳಿಯಲಿಲ್ಲ. ವಿಮಾನ ಬದಲಿಸುವ ಕಡೆ ಯಾರೋ ನನ್ನನ್ನು ಬೇರೆ ಗಾಡಿಗೆ ಎಸೆದರು. ಹೆಸರೂ ತಿಳಿಯದ ನಗರವೊಂದರ ನಿಲ್ದಾಣದಲ್ಲಿ, ಸುತ್ತುವ ಪಟ್ಟಿಯ ಮೇಲೆ ನಾನು ಒಂಟಿಯಾಗಿ ಸುತ್ತಿದೆ. ಸೂಟ್‌ಕೇಸುಗಳಿಗೆಲ್ಲ ಒಡೆಯರು ಬಂದರು. ನನ್ನನ್ನು ಮೂಲೆಗೆ ತಳ್ಳಿದರು. ಅದೇ ಹೊತ್ತಿಗೆ ರಮಿತಾ ಯಾರದೋ ಹಲಗೆ ಕೇಳಿ ಪಡೆದು, ತಾನು ಕನಸಿನಲ್ಲಿ ಕಂಡಂಥ ನೀಲಿ ಅಲೆಗಳ ಮುಂದೆ ನಿಂತಿದ್ದಳು. ಆ ಹಲಗೆಗೆ ಅವಳ ಹೆಬ್ಬೆರಳಿನ ಮಾತು ಹೇಗೆ ತಿಳಿಯಬೇಕು? ಮೊದಲ ಸುತ್ತಿನಲ್ಲೇ ಬಿದ್ದಳು. ಭುಜದ ಕೀಲು ತಪ್ಪಿತು.

ನಾನು ಮನೆ ಮುಟ್ಟಿದಾಗ ಅವಳ ತೋಳು ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ನನ್ನನ್ನು ಕಂಡು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. “ಈಗ ಬಂದ್ಯಾ?” ಎಂದಳು, ಅಷ್ಟೇ.

ಭುಜ ಗುಣವಾಗುವಷ್ಟರಲ್ಲಿ ಕಂಪೆನಿಯವರು ಕ್ರಿಕೆಟ್ಟಿನ ಕಡೆ ಹೋಗಿದ್ದರು. ರಮಿತಾ ರೆಸಾರ್ಟೊಂದರಲ್ಲಿ ಪ್ರವಾಸಿಗರಿಗೆ ಸರ್ಫಿಂಗ್ ಕಲಿಸುವ ಕೆಲಸಕ್ಕೆ ಸೇರಿದಳು. ಬೆಳಿಗ್ಗೆಯ ಒಳ್ಳೆಯ ಅಲೆಗಳೆಲ್ಲ ಪಾಠದಲ್ಲೇ ಹೋಗುತ್ತಿದ್ದವು. ಸೊಂಟಮಟ್ಟದ ನೀರಿನಲ್ಲಿ ನಿಂತು, ಮೆತ್ತನೆಯ ದಪ್ಪ ಹಲಗೆಗಳನ್ನು ತಳ್ಳುತ್ತ, ಎದ್ದು ನಿಲ್ಲುವವರಿಗಿಂತ ಫೋಟೋ ಕೇಳುವವರನ್ನೇ ಹೆಚ್ಚು ಕಂಡಳು. ಸಂಜೆ ನನ್ನನ್ನು ಹಿಡಿದುಕೊಂಡು ಬರುವ ಹೊತ್ತಿಗೆ ಗಾಳಿಯೆದ್ದು ಕಡಲು ಕಲಕಿಹೋಗಿರುತ್ತಿತ್ತು. ಆದರೂ ಇಳಿಯುತ್ತಿದ್ದಳು. ಅವಳ ಪಾದ ಭಾರವಾಗಿತ್ತು, ಭುಜ ಉಳಿಸಿಕೊಳ್ಳಲು ಮೈಯನ್ನು ವಾಲಿಸುತ್ತಿದ್ದಳು. ನಾನೂ ಅಲ್ಲಲ್ಲಿ ಬಿರುಕು ಬಿಟ್ಟು ನೀರು ಕುಡಿದು ತೂಕ ಹೆಚ್ಚಿಸಿಕೊಂಡಿದ್ದೆ. ಇಬ್ಬರೂ ಒಬ್ಬರಿಗೊಬ್ಬರು ಭಾರವಾಗಿದ್ದೆವು.

ಆಗ ರಾಷ್ಟ್ರೀಯ ತಂಡದ ಆಯ್ಕೆ ಸ್ಪರ್ಧೆ ನಮ್ಮದೇ ಊರಿಗೆ ಬಂತು. ಇದೇ ಕೊನೆಯದು, ಇದರಲ್ಲಿ ಆಗದಿದ್ದರೆ ಬಿಡುತ್ತೇನೆ ಎಂದು ಅವಳು ಬಾಸಿಲರಿಗೆ ಹೇಳಿದಳು. ಅವರು ನನ್ನ ಬಿರುಕುಗಳಿಗೆ ರೆಸಿನ್ ತುಂಬಿಸಿ, ಬೆನ್ನಿನ ಪಟ್ಟಿ ಸೋತಿದೆ, ದೊಡ್ಡ ಅಲೆಗೆ ಹಾಕಬೇಡ ಎಂದು ಎಚ್ಚರಿಸಿದರು.

ಫೈನಲ್ಲಿಗೆ ಬಂದಳು. ತಂಡಕ್ಕೆ ಹೋಗುವವಳು ಗೆದ್ದವಳೊಬ್ಬಳೇ. ಅಂದು ಕಡಲು ಎಣ್ಣೆ ಸುರಿದ ಹಾಗೆ ನುಣ್ಣಗೆ ಮಲಗಿತ್ತು. ಮೊಣಕಾಲೆತ್ತರದ ಅಲೆಗಳಲ್ಲಿ ಅವಳೂ ಎದುರಾಳಿಯೊಬ್ಬಳೂ ಗುದ್ದಾಡಿದರು. ಕೊನೆಗೆ ರಮಿತಾ ಅಂಕದಲ್ಲಿ ಕೂದಲೆಳೆಯಷ್ಟು ಹಿಂದಿದ್ದಳು. ಒಂದೇ ಒಂದು ಒಳ್ಳೆಯ ಅಲೆ ಸಾಕಿತ್ತು. ನನ್ನ ಮೇಲೆ ಕಾಲು ಇಳಿಬಿಟ್ಟು ಕೂತು, ದಿಗಂತ ನೋಡುತ್ತ, ಬಾ, ಬಾ ಎಂದು ಹಲ್ಲು ಕಚ್ಚಿ ಹೇಳುತ್ತಿದ್ದಳು. ದಡದಲ್ಲಿ ಹಾರ್ನ್ ಊದಿದರು. ಸ್ಪರ್ಧೆ ಮುಗಿಯಿತು.

ಆಗ ಬಂತು.

ದೂರದಿಂದ ಕಪ್ಪಾಗಿ ಏಳುತ್ತ, ಅಳಿವೆಯ ಮರಳ ದಿಬ್ಬದ ಮೇಲೆ ಗೋಡೆಯಂತೆ ನಿಂತುಕೊಂಡಿತು. ಎದುರಾಳಿ ಆಗಲೇ ದಡದ ಕಡೆ ಹೊರಟಿದ್ದಳು. ರಮಿತಾ ನನ್ನನ್ನು ತಿರುಗಿಸಿದಳು. ಎದ್ದು ನಿಂತಾಗ ಅವಳ ಬೆರಳುಗಳಲ್ಲಿ ಹೆದರಿಕೆಯಿರಲಿಲ್ಲ, ಇದ್ದದ್ದು ಸಿಟ್ಟು. ಆ ಸಿಟ್ಟಿನಲ್ಲಿ ಅವಳು ಅಲೆಯ ಬುಡಕ್ಕೆ ಇಳಿದಳು, ನೆತ್ತಿಗೆ ಹತ್ತಿದಳು, ಮತ್ತೆ ಇಳಿದಳು. ಅಲೆ ನಮ್ಮ ಮೇಲೆ ಮನೆಯ ಮಾಡಿನಂತೆ ಬಾಗಿತು. ಅಷ್ಟು ವರ್ಷಗಳಲ್ಲಿ ನಾನು ಅಂಥ ಓಟ ಓಡಿದ್ದಿಲ್ಲ. ಕೊನೆಯ ತಿರುವಿನಲ್ಲಿ ಅಲೆ ಕುಸಿಯಿತು. ನನ್ನ ಬೆನ್ನು ಲಟಕ್ಕನೆ ಮುರಿಯಿತು.

ಆ ಅಲೆಗೆ ಅಂಕವಿಲ್ಲ. ತೀರ್ಪುಗಾರರು ಎದ್ದು ಚಪ್ಪಾಳೆ ತಟ್ಟಿದರಂತೆ. ಚಪ್ಪಾಳೆಯನ್ನು ಏನು ಮಾಡುವುದು?

ನನ್ನ ಎರಡು ತುಂಡುಗಳನ್ನು ಎಳೆದುಕೊಂಡು ಅವಳು ದಡಕ್ಕೆ ಬಂದಾಗ ವಾಮನರು ದೋಣಿಗೆ ಒರಗಿ ನಿಂತಿದ್ದರು. ಮಗಳ ಸ್ಪರ್ಧೆ ನೋಡಲು ಅವರು ಹಿಂದೆ ಎಂದೂ ಬಂದವರಲ್ಲ. ಅವಳು ಹೊಯಿಗೆಯ ಮೇಲೆ ಕುಸಿದು, ಆ ಅಲೆ ಒಂದು ನಿಮಿಷ ಮೊದಲು ಬರಬಾರದಿತ್ತಾ ಎಂದಳು. ಅವರು ಬಗ್ಗಿ ನನ್ನ ಒಂದು ತುಂಡಿನ ಹೊಯಿಗೆ ಕೊಡವಿದರು.

“ಅವರು ಹಾರ್ನ್ ಊದಿದ್ದು ಕಡಲಿಗೆ ಎಂತ ಗೊತ್ತು,” ಎಂದರು. “ನಂಗೂ ಹಾಗೇ ಆಗುದು. ಬಲೆ ಎಳೆದು ಮುಗಿಸಿದ ಮೇಲೆ ಮೀನು ಬರ್ತದೆ.”

ಬಿಡುತ್ತೇನೆ ಎಂದಿದ್ದ ರಮಿತಾ ಬಿಡಲಿಲ್ಲ. ಬಾಸಿಲ್ ಹೊಸ ಹಲಗೆ ಮಾಡಿಕೊಟ್ಟರು. ಅದು ನನಗಿಂತ ಹಗುರ, ನನಗಿಂತ ಚೂಪು. ಅದರ ಬಗ್ಗೆ ಒಳ್ಳೆಯ ಮಾತಾಡಲು ನನಗೆ ಮನಸ್ಸಿಲ್ಲ. ನನ್ನ ಮುಂಭಾಗದ ತುಂಡು ಕಸದ ಪಾಲಾಗದೆ ವಾಮನರ ಕೈಗೆ ಬಂತು. ಫೋಮ್ ತಂಪು ಹಿಡಿದಿಡುತ್ತದೆಂದು ಅವರು ನನ್ನನ್ನು ಕೊಯ್ದು ದೋಣಿಯ ಐಸ್ ಪೆಟ್ಟಿಗೆಗೆ ಮುಚ್ಚಳ ಮಾಡಿದರು. ಈಗ ನನ್ನ ಅಡಿಯಲ್ಲಿ ಬಂಗುಡೆ, ಬೂತಾಯಿ ಮೀನುಗಳು. ಅಲೆಗಳನ್ನು ಸೀಳಿದವನು ನಾನು, ನನ್ನನ್ನೇ ದೋಣಿ ಅಲೆಗಳ ಮೇಲೆ ಹೊತ್ತೊಯ್ಯುತ್ತದೆ. ಮುದಿತನ ಎಂದರೆ ಇದೇ ಇರಬೇಕು. ಕಡಲು ಕೈಗೆಟಕುವಷ್ಟು ಹತ್ತಿರ, ಕೈ ಮಾತ್ರ ಇಲ್ಲ.

ಮೊನ್ನೆ ಮೀನು ತುಂಬಿಕೊಂಡು ಬರುವಾಗ ಅಳಿವೆಯ ಹತ್ತಿರ ರಮಿತಾ ಅಲೆಗಾಗಿ ಕಾದು ಕೂತಿದ್ದಳು. ವಾಮನರು ದೂರದಲ್ಲೇ ಇಂಜಿನ್ ನಿಲ್ಲಿಸಿದರು. ಅವಳು ಒಂದು ಅಲೆಗೆ ಸಿದ್ಧವಾಗುತ್ತಿದ್ದಂತೆ ಕೂಗಿ ಹೇಳಿದರು, “ರಮೀ, ಅದು ಬೇಡ, ಬಿಡು. ಹಿಂದೆ ದೊಡ್ಡದು ಬರ್ತಾ ಉಂಟು.”

ಅವಳು ಬಿಟ್ಟಳು. ದೊಡ್ಡದು ಬರಲೇ ಇಲ್ಲ.

“ಅಪ್ಪ, ನೀವು ಮೀನು ಹಿಡೀರಿ,” ಎಂದಳು ಅವಳು.

ವಾಮನರು ಹುಬ್ಬಿಗೆ ಕೈ ಅಡ್ಡ ಹಿಡಿದು ದಿಗಂತ ನೋಡಿದರು. ಬರುತ್ತದೆ, ಸ್ವಲ್ಪ ತಡಿ ಎಂದರು. ಬಿಸಿಲು ಏರಿತು. ನನ್ನ ಅಡಿಯಲ್ಲಿ ಐಸು ಕರಗಿ ನೀರಾಗುತ್ತಿತ್ತು. ಬಂಗುಡೆ ಮೆತ್ತಗಾಗುವುದು ಅವರಿಗೂ ಗೊತ್ತಿತ್ತು. ಆದರೂ ಇಂಜಿನ್ ಹಾಕಲಿಲ್ಲ.