ಗಿಂಡಿ ಎಸೆಯುವ ದೃಶ್ಯ

ನಾಟಕಕ್ಕೆ ತಾನೂ ಬರುತ್ತೇನೆ ಎಂದು ಅತ್ತೆ ಕುಂಞಿಪಾತುಮ್ಮ ಹೇಳಿದಾಗ ಹಸೀನಾಳ ಕೈಯ ಸೌಟು ಸಾರಿನೊಳಗೇ ನಿಂತಿತು. ಎಪ್ಪತ್ತೆರಡು ವರ್ಷದಲ್ಲಿ ಒಂದು ನಾಟಕವನ್ನೂ ನೋಡಿದವರಲ್ಲ. ಈಗ ಹೊರಟದ್ದೂ ಸೊಸೆಯ ಅಭಿನಯ ನೋಡಲಲ್ಲ, ತನ್ನ ಗಿಂಡಿ ವೇದಿಕೆಯ ಮೇಲೆ ಹೇಗೆ ಕಾಣುತ್ತದೆಂದು ನೋಡಲು.

ಉದ್ದ ಮೂತಿಯ ಆ ಹಿತ್ತಾಳೆ ಗಿಂಡಿಯನ್ನು ಅವರು ಮದುವೆಯಾಗಿ ಕಾಪುವಿಗೆ ಬರುವಾಗ ತವರಿನಿಂದ ತಂದಿದ್ದರು. ಊಟಕ್ಕೆ ಬಂದವರ ಕೈಗೆ ನೀರು ಹೊಯ್ಯುವುದು ಅದರಿಂದಲೇ. ಗಿಂಡಿಯ ಹೊಟ್ಟೆಯ ಒಂದು ಪಕ್ಕ ಹೆಬ್ಬೆರಳು ಕೂರುವಷ್ಟು ತಗ್ಗು. ಬಾವಿಕಟ್ಟೆಯಿಂದ ಬಿದ್ದದ್ದು ಎನ್ನುತ್ತಿದ್ದರು. ಹುಣಸೆಹುಳಿ ಹಾಕಿ ತಾವೇ ಬೆಳಗಬೇಕು. ಬೇರೆಯವರು ತಿಕ್ಕಿದರೆ ಸಮಾಧಾನವಿಲ್ಲ.

ತಪ್ಪು ಹಸೀನಾಳದೇ. ಮಣಿಪಾಲದಲ್ಲಿ ಪಾಠ ಮಾಡುವ ವನೆಸ್ಸಾ ಬರೆದು ಆಡಿಸುತ್ತಿದ್ದ ಹೊಸ ನಾಟಕದಲ್ಲಿ ಅವಳದು ಗೃಹಿಣಿಯ ಪಾತ್ರ. ಬಣ್ಣ ಹಚ್ಚುವುದು ಇದೇ ಮೊದಲು. ಗಂಡ ಹೇಳದೆ ಕೇಳದೆ ಮನೆತುಂಬ ನೆಂಟರನ್ನು ಕರೆತಂದಾಗ ಅವಳು ಕೈಗೆ ಸಿಕ್ಕ ಪಾತ್ರೆಯನ್ನು ಅಂಗಳಕ್ಕೆ ಎಸೆಯಬೇಕು. ಎರಡು ತಿಂಗಳು ಪ್ಲಾಸ್ಟಿಕ್ ಮಗ್ ಎಸೆದದ್ದಾಯಿತು. ಕೊನೆಯ ವಾರ ಸ್ಟೀಲ್ ಚೊಂಬು ಎಸೆದರೆ, ಪಕ್ಕದ ಮನೆಯಲ್ಲಿ ತಟ್ಟೆ ಬಿದ್ದ ಹಾಗಿದೆ, ಹಿತ್ತಾಳೆಯ ಸದ್ದೇ ಬೇಕು ಎಂದು ವನೆಸ್ಸಾ ಮುಖ ಸಿಂಡರಿಸಿದಳು. ನಮ್ಮಲ್ಲಿ ಗಿಂಡಿ ಉಂಟು ಎಂಬ ಮಾತು ಹಸೀನಾಳ ಬಾಯಿಂದ ಜಾರಿದ್ದು ಆಗಲೇ. ಅತ್ತೆಯನ್ನು ಕೇಳಿದ್ದಳು, ನಿಜ. ಆದರೆ ವೇದಿಕೆಯಲ್ಲಿ ಇಡಲಿಕ್ಕೆ ಎಂದಿದ್ದಳು. ಎಸೆಯಲಿಕ್ಕೆ ಎನ್ನಲು ನಾಲಗೆ ಏಳಲಿಲ್ಲ.

ಶನಿವಾರ ಸಂಜೆ ಉಡುಪಿಯ ಸಭಾಂಗಣ ತುಂಬಿತ್ತು. ಪರದೆಯ ಸಂದಿಯಿಂದ ನೋಡಿದರೆ ಎರಡನೆಯ ಸಾಲಿನಲ್ಲಿ ತನ್ನ ಮಗಳು ನುಸ್ರತ್, ಅವಳ ಪಕ್ಕ ಕನ್ನಡಕ ಒರೆಸಿಕೊಳ್ಳುತ್ತಿರುವ ಅತ್ತೆ. ಹಸೀನಾ ವನೆಸ್ಸಾಳ ಬಳಿ ಓಡಿಹೋಗಿ, ಚೊಂಬನ್ನೇ ಎಸೆಯುತ್ತೇನೆ ಎಂದಳು. ಚೊಂಬು ಮಣಿಪಾಲದಲ್ಲೇ ಉಳಿದಿದೆ ಎಂದಳು ವನೆಸ್ಸಾ.

ಪರದೆ ಸರಿಯಿತು. ಜನ ಮೊದಲ ಮಾತಿಗೇ ನಕ್ಕರು. ಆದರೆ ಗಂಡನ ಪಾತ್ರದ ರೋಹಿತ್ ನೆಂಟರ ಹಿಂಡಿನೊಂದಿಗೆ ಬಾಗಿಲಲ್ಲಿ ನಿಂತಾಗ ಅವಳು ಗಿಂಡಿ ಎತ್ತಿದಳು, ಎತ್ತಿದ ಕೈ ಅಲ್ಲೇ ಉಳಿಯಿತು. ಹೆಬ್ಬೆರಳು ಆ ತಗ್ಗಿನಲ್ಲಿ ಕೂತಿತ್ತು. ಎಸೆದರೆ ಅತ್ತೆಯ ಎದೆಗೇ ಎಸೆದಂತೆ. ಎಸೆಯದಿದ್ದರೆ ಎರಡು ತಿಂಗಳಿನಿಂದ ಇಷ್ಟು ಜನ ಪಟ್ಟ ಪಾಡು ನೀರುಪಾಲಾಗುತ್ತದೆ.

ರೋಹಿತ್ ಸಂಭಾಳಿಸಲು ನೋಡಿದ.

"ಎಂತ, ಕೈ ಹಿಡಿದುಕೊಂಡಿತಾ?"

ಸಭೆ ನಕ್ಕಿತು. ಹಸೀನಾಳ ಕೈ ಅಲ್ಲಾಡಲಿಲ್ಲ. ನಗು ಇಳಿದಾಗ ಎರಡನೆಯ ಸಾಲಿನಲ್ಲಿ ಯಾರೋ ಎದ್ದು ನಿಂತರು.

"ಬಿಸಾಡು ಹಸೀನಾ," ಎಂದರು ಕುಂಞಿಪಾತುಮ್ಮ, ಎಲ್ಲರಿಗೂ ಅರ್ಥವಾಗಲಿ ಎಂಬಂತೆ ಮನೆಮಾತು ಬಿಟ್ಟು ಬಿಡಿಬಿಡಿಯಾದ ಕನ್ನಡದಲ್ಲಿ. "ಅದಕ್ಕೆ ಎಂತದೂ ಆಗುವುದಿಲ್ಲ. ಆ ತಗ್ಗು ಬಾವಿಕಟ್ಟೆಯದ್ದಲ್ಲ. ನಿನ್ನ ಮಾವ ಹೇಳದೆ ಎಂಟು ಜನರನ್ನು ಊಟಕ್ಕೆ ತಂದ ದಿನ ನಾನೇ ಬಿಸಾಡಿದ್ದು."

ಹಸೀನಾ ಎಸೆದಳು. ಗಿಂಡಿ ಠಣಾರನೆ ಬಿದ್ದು, ಎರಡು ಸಲ ಪುಟಿದು, ಉರುಳಿ ರೋಹಿತನ ಕಾಲಬುಡದಲ್ಲಿ ನಿಂತಿತು. ಅದರ ಸದ್ದಿಗಿಂತ ಚಪ್ಪಾಳೆಯ ಸದ್ದೇ ದೊಡ್ಡದಾಯಿತು. ಮುಂದಿನ ಮಾತು ಶುರುವಾಗಲು ನಟರು ಎಷ್ಟೋ ಹೊತ್ತು ಕಾಯಬೇಕಾಯಿತು. ಮುದುಕಿಯನ್ನು ಎಲ್ಲಿಂದ ಹುಡುಕಿ ತಂದಿರಿ, ಎಷ್ಟು ಸಹಜ ನಟನೆ ಎಂದು ಆಮೇಲೆ ಇಬ್ಬರು ವನೆಸ್ಸಾಳನ್ನು ಕೇಳಿದರಂತೆ.

ಮರುದಿನ ಬೆಳಿಗ್ಗೆ ಹಸೀನಾ ಪಾತ್ರೆ ತೊಳೆಯಲು ಹೋದರೆ ಅತ್ತೆ ಆಗಲೇ ಕಲ್ಲಿನ ಬಳಿ ಕೂತು ಗಿಂಡಿ ತಿಕ್ಕುತ್ತಿದ್ದರು. ಹಳೆಯ ತಗ್ಗಿನ ಎದುರಿಗೆ ಹೊಸದೊಂದು ಬಿದ್ದಿತ್ತು. ಮೊದಲೇ ಹೇಳಬೇಕಿತ್ತು, ತಪ್ಪಾಯಿತು ಎಂದು ಹಸೀನಾ ಮೆಲ್ಲಗೆ ಅಂದಳು. ನಾನೂ ನಲವತ್ತು ವರ್ಷ ಹೇಳಲಿಲ್ಲವಲ್ಲ ಎಂದರು ಕುಂಞಿಪಾತುಮ್ಮ. ಗಿಂಡಿಯನ್ನು ಬಿಸಿಲಿಗೆ ಹಿಡಿದು ಎರಡೂ ತಗ್ಗುಗಳ ಮೇಲೆ ಬೆರಳಾಡಿಸಿದರು.

"ಇನ್ನೊಂದು ಆಟ ಎಲ್ಲಿ?"

"ಕಾರ್ಕಳದಲ್ಲಿ. ಬರುವ ಭಾನುವಾರ."

"ಸ್ವಲ್ಪ ಓರೆಯಾಗಿ ಬಿಸಾಡು. ಮೂತಿಗೆ ಪೆಟ್ಟಾಗಬಾರದು," ಎಂದು ಗಿಂಡಿಯನ್ನು ತನ್ನ ಹೆಗಲ ಮೇಲಿದ್ದ ತೋರ್ತಿನಲ್ಲೇ ಒರೆಸಿ ಸೊಸೆಯ ಕೈಗಿತ್ತರು.