ತಾಯಿ ನಮಗೆ, ಮರಿ ಕಡಲಿಗೆ

ಮೀನು ಸಿಗದ ದಿನ ಬಂದರಿನಲ್ಲಿ ಬೈಯಲು ಯಾರಾದರೂ ಬೇಕೇ ಬೇಕು. ದೊಡ್ಡ ಬಲೆಯವರು ಸಣ್ಣ ದೋಣಿಯವರನ್ನು ಬೈಯುತ್ತಾರೆ. ಸಣ್ಣ ದೋಣಿಯವರು ದೊಡ್ಡ ಬಲೆಯವರನ್ನು ಬೈಯುತ್ತಾರೆ. ಇಬ್ಬರೂ ಸೇರಿ, ರಜೆಯ ದಿನ ಮೋಜಿಗೆ ಗಾಳ ಹಾಕಲು ಬರುವ ಪೇಟೆಯವರನ್ನು ಬೈಯುತ್ತಾರೆ. ತೊರಕೆ ಮಾವ ಮಾತ್ರ ಯಾರನ್ನೂ ಬೈಯುವಂತಿರಲಿಲ್ಲ. ವಾರದಲ್ಲಿ ಐದು ದಿನ ಅವನೇ ಬಲೆ ಹಾಕುತ್ತಿದ್ದ, ಉಳಿದೆರಡು ದಿನ ಅದೇ ದೋಣಿಯಲ್ಲಿ ಪೇಟೆಯವರನ್ನು ಕೂರಿಸಿಕೊಂಡು ಗಾಳಕ್ಕೆ ಹೋಗುತ್ತಿದ್ದ. ಹಾಗಾಗಿ ಅವನು ನೀರನ್ನು ಬೈಯುತ್ತಿದ್ದ. ನೀರು ಕಾದಿದೆ, ನೀರು ಕೆಟ್ಟಿದೆ, ಅದಕ್ಕೇ ತೊರಕೆ ಕಾಣೆಯಾಗಿದೆ ಎನ್ನುತ್ತಿದ್ದ.

ತೊರಕೆ ಎಂದರೆ ಶಾರ್ಕಿನ ನೆಂಟ. ಮೈ ಮೊರದಷ್ಟು ಅಗಲ, ಚಪ್ಪಟೆ. ಹಿಂದೆ ಚಾಟಿಯಂಥ ಬಾಲ, ಬಾಲದಲ್ಲಿ ವಿಷದ ಮುಳ್ಳು. ದೊಡ್ಡ ತೊರಕೆ ಎಲ್ಲಿ ಮಲಗಿರುತ್ತದೆ ಎಂದು ನೀರಿನ ಬಣ್ಣ ನೋಡಿಯೇ ಹೇಳುವಷ್ಟು ಕೈ ಪಳಗಿದ್ದರಿಂದ ಅವನಿಗೆ ಆ ಹೆಸರು ಬಂದಿತ್ತು. ಆ ಹೆಸರಿನ ಮೇಲೆ ಅವನಿಗೆ ಹೆಮ್ಮೆಯೂ ಇತ್ತು.

ಅದಕ್ಕಿಂತ ಹೆಚ್ಚಿನ ಹೆಮ್ಮೆ ಇನ್ನೊಂದರ ಮೇಲಿತ್ತು. ಬಸುರಿ ತೊರಕೆಯನ್ನು ದೋಣಿಗೆ ಎಳೆದರೆ ಅದು ಹಲಗೆಯ ಮೇಲೇ ಮರಿ ಹಾಕಿಬಿಡುತ್ತದೆ. ನಾಲ್ಕೋ ಐದೋ ಪುಟ್ಟ ಪುಟ್ಟ ಮರಿಗಳು. ಉಳಿದ ದೋಣಿಯವರು ಅವನ್ನೂ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ತೊರಕೆ ಮಾವ ಹಾಗಲ್ಲ. ಒಂದೊಂದನ್ನೇ ಅಂಗೈಯಲ್ಲಿ ಎತ್ತಿ, ಬಾಗಿ, ಮೆಲ್ಲಗೆ ನೀರಿಗೆ ಬಿಡುತ್ತಿದ್ದ. "ಹೋಗು ಕಂದಾ, ದೊಡ್ಡವಳಾಗಿ ಬಾ" ಎನ್ನುತ್ತಿದ್ದ. ಪೇಟೆಯವರು ಚಪ್ಪಾಳೆ ತಟ್ಟುತ್ತಿದ್ದರು, ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದರು. "ತಾಯಿ ನಮಗೆ, ಮರಿ ಕಡಲಿಗೆ. ಒಂದು ತಗೊಂಡು ಐದು ಕೊಡ್ತೀನಿ. ನನ್ನಿಂದ ಕಡಲಿಗೆ ಲಾಭವೇ ಹೊರತು ನಷ್ಟ ಇಲ್ಲ" ಎಂದು ಅವನು ಎದೆಯುಬ್ಬಿಸಿ ಹೇಳುತ್ತಿದ್ದ. ಇಪ್ಪತ್ತು ವರ್ಷದಿಂದ ಇದೇ ಅವನ ವ್ರತ.

ಅಂಥ ಮನುಷ್ಯನ ಎದುರು ಬಂದು ನಿಂತವಳು ಅವನ ಸ್ವಂತ ತಂಗಿಯ ಮಗಳು.

ಅವಳು ಮೀನುಗಾರಿಕೆ ಇಲಾಖೆಯಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ದೋಣಿಗಳು ಬರುವ ಹೊತ್ತಿಗೆ ಬಂದರಿನ ಒದ್ದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಟೇಪು ಹಿಡಿದು ಮೀನಿನ ಉದ್ದ ಅಗಲ ಅಳೆದು ಬರೆದುಕೊಳ್ಳುವುದು ಅವಳ ಕೆಲಸ. ಬಂದರಿನವರ ಬಾಯಲ್ಲಿ ಅವಳು ಟೇಪಕ್ಕ. ಒಂದು ಬೆಳಿಗ್ಗೆ ಮಾವ ತಂದ ತೊರಕೆಯನ್ನು ಅಳೆದು, ಅದರ ಜೋತು ಬಿದ್ದ ಹೊಟ್ಟೆ ಮುಟ್ಟಿ ನೋಡಿ ಕೇಳಿದಳು.

"ಮಾವ, ಇದು ಮರಿ ಹಾಕ್ತಾ ದೋಣೀಲಿ?"

"ಹೂಂ ಮತ್ತೆ. ನಾಲ್ಕು. ನಾಲ್ಕನ್ನೂ ಬಿಟ್ಟೆ. ಬರ್ಕೊ, ನಿನ್ನ ಪುಸ್ತಕದಲ್ಲಿ ಇದನ್ನೂ ಬರ್ಕೊ."

"ಅವು ಬದುಕಲ್ಲ ಮಾವ."

ಮಾವ ಹಗ್ಗ ಸುತ್ತುತ್ತಿದ್ದವನು ಕೈ ನಿಲ್ಲಿಸಿದ. "ಏನಂದೆ?"

"ಹೆರೋ ಕಾಲ ಬಂದು ಹೆತ್ತಿದ್ದಲ್ಲ ಅದು. ಬಲೆ ಎಳೆದ ಗಾಬರಿಗೆ, ನೀರಿಂದ ಎತ್ತಿದ ಭಾರಕ್ಕೆ ಉದುರಿಸಿಬಿಡುತ್ತೆ. ದಿನ ತುಂಬಿದ್ದು ಒಂದೋ ಎರಡೋ ಬದುಕಿದ್ರೂ ಬದುಕಬಹುದು. ಉಳಿದವು ನೀರಿಗೆ ಬಿದ್ದು ತಳ ಸೇರ್ತವೆ, ಅಷ್ಟೆ."

"ಲೇ, ನನ್ನ ಕಣ್ಣೆದುರಿಗೇ ಈಜಿಕೊಂಡು ಹೋಗ್ತವೆ ಕಣೇ! ನೀನು ಟೇಪು ಹಿಡಿಯೋಕೆ ಮುಂಚೆಯಿಂದ ನಾನು ಕಡಲು ನೋಡ್ತಿದ್ದೀನಿ."

"ಎಷ್ಟು ದೂರ ಹೋಗಿದ್ದು ನೋಡಿದ್ದೀಯ ಮಾವ? ಎರಡು ಮಾರು? ಮೂರು ಮಾರು?"

ಮಾವನಿಗೆ ಮೈಯೆಲ್ಲ ಉರಿದುಹೋಯಿತು. ಎತ್ತಿ ಆಡಿಸಿದ ಹುಡುಗಿ, ತನ್ನ ಭುಜದ ಮೇಲೆ ಕೂತು ಕಡಲು ನೋಡಿದವಳು, ಈಗ ತನಗೇ ಪಾಠ ಹೇಳುತ್ತಾಳೆ. ಸುತ್ತ ನಿಂತ ನಾಲ್ಕು ಜನ ಮುಸಿಮುಸಿ ನಕ್ಕರು. ಅದು ಇನ್ನೂ ಕೆಟ್ಟದಾಯಿತು.

ಟೇಪಕ್ಕ ಜಗಳಕ್ಕೆ ನಿಲ್ಲಲಿಲ್ಲ. "ಹೋಗಲಿ ಬಿಡು. ನೀನು ಬೇಕಂತ ಹಿಡೀಬೇಡ. ಇನ್ನೊಂದ್ಸಲ ಬಲೆಗೆ ಬಿದ್ದು ಮರಿ ಹಾಕಿದ್ರೆ ಕಡಲಿಗೆ ಬಿಡಬೇಡ. ದೊಡ್ಡ ಟಬ್ಬಲ್ಲಿ ಕಡಲ ನೀರು ತುಂಬಿಸಿ ಅದರಲ್ಲಿ ಬಿಡು. ಗಳಿಗೆಗೊಮ್ಮೆ ಹೊಸ ನೀರು ಹಾಕ್ತಾ ಇರು. ನಿನ್ನ ಕಣ್ಣಾರೆ ನೋಡು. ಬದುಕಿದ್ರೆ ಎಲ್ಲರ ಮುಂದೆ ನಾನು ತಪ್ಪಾಯ್ತು ಅಂತೀನಿ."

"ಅಂತೀಯ! ಜೋರಾಗಿ ಅನ್ನಬೇಕು, ಐಸ್ ಫ್ಯಾಕ್ಟರಿವರೆಗೂ ಕೇಳಬೇಕು" ಎಂದ ಮಾವ.

ಹಾಗೆ ಹೇಳಿದ ಮೂರನೆಯ ದಿನವೇ ಬಲೆಗೆ ಬಸುರಿ ತೊರಕೆ ಬಿತ್ತು. ಐದು ಮರಿ ಹಾಕಿತು. ಮಾವ ಎಲ್ಲ ಕೆಲಸ ಬಿಟ್ಟು ಟಬ್ಬಿನ ಪಕ್ಕ ಕೂತ. ಒಳ್ಳೆಯ ನೀರು, ಮೇಲೆ ನೆರಳಿಗೆ ಒದ್ದೆ ಗೋಣಿ. ಮರಿಗಳು ಅಂಚು ಬಡಿದು ಬಡಿದು ಸುತ್ತಿದವು. "ನೋಡಿದ್ಯಾ, ನೋಡಿದ್ಯಾ" ಎಂದು ಅಲ್ಲಿಲ್ಲದ ಟೇಪಕ್ಕನಿಗೆ ಹೇಳಿದ. ಅರ್ಧ ಗಂಟೆಗೆ ಒಂದು ಮರಿ ಮಗುಚಿ ಬಿತ್ತು. ಅವನು ಅದನ್ನು ನೇರ ಮಾಡಿ ಹಿಡಿದ. ಬಿಟ್ಟರೆ ಮತ್ತೆ ಮಗುಚಿತು. ಬಕೆಟ್ಟಿನ ಮೇಲೆ ಬಕೆಟ್ಟು ಹೊಸ ನೀರು ಹೊಯ್ದ. ದಡ ಕಾಣುವ ಹೊತ್ತಿಗೆ ಟಬ್ಬಿನಲ್ಲಿ ಆಡುತ್ತಿದ್ದುದು ಒಂದೇ ಒಂದು.

ಜೆಟ್ಟಿಯ ಮೆಟ್ಟಿಲಲ್ಲಿ ಹೆಂಡತಿ ಬುತ್ತಿ ಹಿಡಿದು ಕಾಯುತ್ತಿದ್ದಳು. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷದಿಂದ ಆಯಾ ಆಗಿದ್ದವಳು ಅವಳು. ಕಡಲಿನ ವಿಷಯಕ್ಕೆ ತಲೆ ಹಾಕುತ್ತಿರಲಿಲ್ಲ, ತನ್ನ ವಾರ್ಡಿನ ವಿಷಯಕ್ಕೆ ಗಂಡ ತಲೆ ಹಾಕಿದರೆ ಬಿಡುತ್ತಲೂ ಇರಲಿಲ್ಲ. ಗಂಡ ಟಬ್ಬು ಇಳಿಸಿದ್ದು ನೋಡಿ ಅವಳೇ ಬಗ್ಗಿ ನೋಡಿದಳು. ಕೈ ನೀರಿಗೆ ಹಾಕಿ, ಉಳಿದ ಒಂದು ಮರಿಯನ್ನು ನೀರಿನೊಳಗೇ ಅಂಗೈಯಲ್ಲಿ ಮಗುಚಿದಳು. ಹೊಟ್ಟೆಯ ಕೆಳಗೆ ಕಡಲೆಕಾಳಿನಷ್ಟು ಹಳದಿ ಚೀಲವೊಂದು ಎಳೆಯಂಥ ದಾರದಲ್ಲಿ ಅಂಟಿಕೊಂಡಿತ್ತು.

"ಇದೇನ್ರೀ ಇದು? ಹೊಕ್ಕುಳೇ ಬಿದ್ದಿಲ್ಲ!"

"ಅದೇನೋ ಮರೀಗೆ ಇರುತ್ತೆ ಅದು."

"ಇರುತ್ತೆ, ತಾಯಿ ಹೊಟ್ಟೇಲಿದ್ದಾಗ ಇರುತ್ತೆ. ತಿಂಗಳು ತುಂಬಿದ್ದಲ್ಲ ಕಣ್ರೀ ಇದು. ನಮ್ಮ ವಾರ್ಡಲ್ಲಾದ್ರೆ ಗಾಜಿನ ಪೆಟ್ಟಿಗೇಲಿ ಇಡ್ತೀವಿ, ಬಿಸಿ ಕೊಡ್ತೀವಿ, ಮೂಗಿಗೆ ನಳಿಗೆ ಹಾಕ್ತೀವಿ. ಆದ್ರೂ ಕೈ ಜಾರಿ ಹೋಗ್ತವೆ. ಕಡಲಲ್ಲಿ ಯಾರಿದ್ದಾರ್ರೀ ಇದಕ್ಕೆ?"

ಅವಳು ಬೈದಿರಲಿಲ್ಲ. ವಾರ್ಡಿನಲ್ಲಿ ಮಗು ಕಳೆದುಕೊಂಡ ತಾಯಂದಿರ ಹತ್ತಿರ ಮಾತಾಡುವ ದನಿಯಲ್ಲೇ ಹೇಳಿದ್ದಳು. ಮಾವ ಅಲ್ಲೇ ಮೆಟ್ಟಿಲ ಮೇಲೆ ಕೂತ. ಬುತ್ತಿ ಬಿಚ್ಚಲಿಲ್ಲ. ಇಪ್ಪತ್ತು ವರ್ಷ. ಎಷ್ಟು ಸಲ ಬಾಗಿದ್ದ, ಎಷ್ಟು ಸಲ "ಹೋಗು ಕಂದಾ" ಎಂದಿದ್ದ. ಜೀವ ಕೊಡುತ್ತಿದ್ದೇನೆ ಎಂದುಕೊಂಡು ಹೆಣ ಬಿಡುತ್ತಿದ್ದೆನಲ್ಲ ಎನಿಸಿತು. ಅಳು ಬಂತು, ಅತ್ತ. ಗಂಡಸು ಬಂದರಿನ ನಟ್ಟ ನಡುವೆ ಕೂತು ಅತ್ತರೆ ನಗುವವರು ಇರುತ್ತಾರೆ, ಆದರೆ ಆ ದಿನ ಯಾರೂ ನಗಲಿಲ್ಲ.

ಸಂಜೆಯ ಹೊತ್ತಿಗೆ ಆ ಕೊನೆಯ ಮರಿಯೂ ಸತ್ತಿತ್ತು. ಟೇಪಕ್ಕ ಮನೆಗೆ ಬಂದಳು. ಗೆದ್ದೆ ಎಂದು ಬೀಗಲು ಬರಲಿಲ್ಲ. ಮಾವನ ಪಕ್ಕ ಚಾಪೆಯ ಮೇಲೆ ಕೂತಳು.

"ಮಾವ, ಬಂಗಡೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತೆ. ನಾವು ಎಷ್ಟು ತಿಂದ್ರೂ ಸಂಭಾಳಿಸಿಕೊಳ್ಳುತ್ತೆ. ತೊರಕೆ, ಶಾರ್ಕು ಹಾಗಲ್ಲ, ನಮ್ಮ ಹಾಗೆ. ಎಷ್ಟೋ ಜಾತಿ ದೊಡ್ಡದಾಗೋಕೆ ಹತ್ತು ಹದಿನೈದು ವರ್ಷ ಬೇಕು. ಬಸುರಿ ಆದ್ರೆ ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷವೇ. ಕೊನೆಗೆ ಹಾಕೋದು ಬೆರಳೆಣಿಕೆ ಮರಿ. ಒಂದು ತಾಯಿ ಹೋದ್ರೆ ಆ ಜಾಗ ತುಂಬೋಕೆ ನಿನ್ನ ಅರ್ಧ ಆಯಸ್ಸು ಬೇಕು."

"ಅದಕ್ಕೇ ಕಾಣೆಯಾಗಿದ್ದು" ಎಂದ ಮಾವ. "ನಾನು ನೀರನ್ನ ಬೈತಿದ್ದೆ."

"ನೀರೂ ಕಾದಿದೆ. ದೊಡ್ಡ ಬಲೆಯವರದೂ ಇದೆ, ಗಾಳದವರದೂ ಇದೆ. ನಿನ್ನದೊಂದೇ ತಪ್ಪಲ್ಲ ಮಾವ. ಆದ್ರೆ ನಿನ್ನ ಕೈಲಿರೋದು ನಿನ್ನ ದೋಣಿ."

"ಈಗೇನು ಮಾಡ್ಲಿ? ಬಲೆಗೆ ಬೀಳಬೇಡ ಅಂತ ತೊರಕೆಗೆ ಹೇಳೋಕಾಗುತ್ತಾ?"

"ಮರಿ ಹಾಕೋ ತಿಂಗಳುಗಳಲ್ಲಿ ಹೊಳೆ ಕಡಲು ಸೇರೋ ಅಳಿವೆ ಬಾಯಿಯ ಆಳವಿಲ್ಲದ ನೀರಿಗೆ ಹೋಗಬೇಡ. ಶಾರ್ಕು, ತೊರಕೆ ಎರಡೂ ಹೆರೋಕೆ ಬರೋದು ಅಲ್ಲಿಗೇ. ಬಲೆಗೆ ಬಿದ್ದು ಜೀವ ಇದ್ರೆ, ಬಾಲ ಹಿಡಿದು ಎಳೀಬೇಡ, ಕಿವಿರಿಗೆ ಕೊಕ್ಕೆ ಹಾಕಬೇಡ. ಮುಳ್ಳಿನ ಕಡೆ ಹುಷಾರಾಗಿದ್ದು, ಇಬ್ಬರು ಎರಡೂ ಪಕ್ಕ ಹಿಡಿದು ತಕ್ಷಣ ಜಾರಿಸಿಬಿಡಿ. ಗಾಳಕ್ಕೆ ಸಿಕ್ಕಿದ್ರೆ ದೋಣಿಗೆ ಎತ್ತಲೇಬೇಡ. ನೀರಲ್ಲೇ ಇರಲಿ, ದಾರ ಬಾಯಿ ಹತ್ತಿರ ಕತ್ತರಿಸು."

"ಭಾನುವಾರದ ಗಿರಾಕಿ ಕೈತಪ್ಪಿ ಹೋಗ್ತಾರಲ್ಲೇ" ಎಂದ ಮಾವ. ಭಾನುವಾರ ಹಲ್ಲಿನ ಡಾಕ್ಟರು ಬರುವವರಿದ್ದರು. ಹತ್ತು ವರ್ಷದ ಗಿರಾಕಿ. ಎರಡು ಸಲ ಬರಿಗೈಲಿ ವಾಪಸು ಹೋಗಿದ್ದರು. ಈ ಸಲವೂ ದೊಡ್ಡ ತೊರಕೆ ದೋಣಿಯೊಳಗೆ ಬೀಳದಿದ್ದರೆ ಬೇರೆ ದೋಣಿ ನೋಡಿಕೊಳ್ಳುವುದಾಗಿ ಹೇಳಿಯೇ ಹೋಗಿದ್ದರು. ಅವರು ಹೋದರೆ ಅವರ ಹಿಂದಿನ ಐದಾರು ಜನವೂ ಹೋಗುತ್ತಾರೆ. ರಜೆ ದಿನದ ಆ ಗಿರಾಕಿಗಳಿಂದಲೇ ಅವನ ದೋಣಿ ತೇಲುತ್ತಿತ್ತು.

ಹೆಂಡತಿ ಒಳಗಿಂದಲೇ ಕೂಗಿದಳು. "ಹೋದ್ರೆ ಹೋಗಲಿ ಬಿಡ್ರೀ. ನನ್ನ ಸಂಬಳ ಇದೆ. ಅರೆಹೊಟ್ಟೆ ಉಂಡೋರೇ ನಾವು, ಹೊಸದೇನಲ್ಲ. ಇನ್ನೊಂದ್ಸಲ ಅಂಥ ಟಬ್ಬು ಮೆಟ್ಟಿಲ ಹತ್ತಿರ ತಂದ್ರೆ ಮಾತ್ರ ನಾನು ನೋಡಲಾರೆ."

ಭಾನುವಾರ ಬೆಳಕು ಹರಿದು ಎರಡು ಗಂಟೆ ಕಳೆದ ಮೇಲೆ ಡಾಕ್ಟರ ಗಾಳದ ಕೋಲು ಬಾಗಿತು. ಮುಕ್ಕಾಲು ಗಂಟೆ ಜಗ್ಗಾಡಿದ ಮೇಲೆ ದೋಣಿಯ ಪಕ್ಕ ಅದು ಮೇಲೆ ಬಂತು. ದೊಡ್ಡ ಚಾಪೆಯಷ್ಟು ಅಗಲದ ತೊರಕೆ, ಬೆನ್ನು ಉಬ್ಬಿತ್ತು. ಡಾಕ್ಟರು ಬೆವರು ಸುರಿಸುತ್ತ ಮಗುವಿನ ಹಾಗೆ ಕುಣಿದರು.

"ಎತ್ತಪ್ಪಾ, ಎತ್ತು! ಬೇಗ!"

"ಬಸುರಿ ಇದು ಡಾಕ್ಟ್ರೇ. ಎತ್ತಿದ್ರೆ ಮರಿ ಹಾಕಿಬಿಡುತ್ತೆ."

"ಹಾಕಲಿ! ನೀನು ಬಿಡ್ತೀಯಲ್ಲ ಪ್ರತಿ ಸಲ? ನೀನು ಮರಿ ಬಿಡೋ ವಿಡಿಯೋನ ನನ್ನ ಮಗಳು ಎಷ್ಟು ಸಲ ನೋಡಿದ್ದಾಳೆ ಗೊತ್ತಾ? ಮಲಗೋ ಮುಂಚೆ ಅದೇ ಬೇಕು ಅವಳಿಗೆ. ಇವತ್ತು ಹೊಸದು ತರ್ತೀನಿ ಅಂದಿದ್ದೀನಿ."

ಮಾವ ಕತ್ತರಿ ಕೈಗೆತ್ತಿಕೊಂಡ. ಸುಮ್ಮನೆ ದಾರ ತುಂಡಾಯಿತು ಎಂದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹೆಸರೂ ಉಳಿಯುತ್ತಿತ್ತು.

"ಡಾಕ್ಟ್ರೇ, ಆ ಮರಿಗಳು ಬದುಕಿಲ್ಲ" ಎಂದ.

"ಅಂದ್ರೆ?"

"ದಿನ ತುಂಬದ ಮರಿಗಳು ಅವು. ನಾನು ಇಷ್ಟು ವರ್ಷ ಬಿಟ್ಟಿದ್ದರಲ್ಲಿ ಒಂದೆರಡು ಬದುಕಿದ್ರೆ ನನ್ನ ಪುಣ್ಯ. ನೀವು ಚಪ್ಪಾಳೆ ತಟ್ಟಿದ್ದಕ್ಕೆಲ್ಲ ನಾನು ಉಬ್ಬಿಹೋಗಿದ್ದೆ. ಮೊನ್ನೆ ಟಬ್ಬಲ್ಲಿಟ್ಟು ನೋಡಿದೆ, ನನ್ನ ಕೈಯಲ್ಲೇ ಸತ್ತವು. ಇದನ್ನ ನಾನು ಎತ್ತಲ್ಲ. ಬೇಜಾರು ಮಾಡ್ಕೋಬೇಡಿ, ಬೇರೆ ದೋಣಿಗೆ ಹೋಗ್ತೀನಿ ಅಂದ್ರೂ ಎತ್ತಲ್ಲ."

ತೊರಕೆ ದೋಣಿಯ ಪಕ್ಕಕ್ಕೆ ಮೈ ಒತ್ತಿ ನಿಧಾನ ಉಸಿರಾಡುತ್ತಿತ್ತು. ಡಾಕ್ಟರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಾಡಿತು.

"ನನ್ನ ಮಗಳಿಗೆ ಏನು ಹೇಳಲಿ ನಾನು?"

"ನಾನು ಹೇಳಿದ್ದನ್ನೇ ಹೇಳಿ."

ಮಾವ ಕತ್ತರಿ ಚಾಚಿದ. ಡಾಕ್ಟರು ಗಾಳದ ಕೋಲನ್ನು ಜೊತೆಗೆ ಬಂದಿದ್ದ ಗೆಳೆಯನ ಕೈಗೆ ಕೊಟ್ಟರು. ಆಮೇಲೆ ತಾವೇ ಕತ್ತರಿ ಇಸಿದುಕೊಂಡು ಮಂಡಿಯೂರಿ, ನೀರಿಗೆ ಕೈ ಇಳಿಸಿ, ತೊರಕೆಯ ಬಾಯಿಯ ಹತ್ತಿರ ದಾರ ಕತ್ತರಿಸಿದರು. ಅದು ಕ್ಷಣ ಹೊತ್ತು ಹಾಗೇ ನಿಂತಿತು. ಬಿಡುಗಡೆಯಾದದ್ದು ಅದಕ್ಕೂ ಗೊತ್ತಾಗಲಿಲ್ಲವೋ ಏನೋ. ಆಮೇಲೆ ರೆಕ್ಕೆಯಂಥ ಎರಡೂ ಪಕ್ಕ ಒಮ್ಮೆ ಬೀಸಿ, ಹೊಟ್ಟೆಯೊಳಗಿನ ಮರಿಗಳ ಸಮೇತ ಕೆಳಗಿಳಿದು ಹೋಯಿತು.

ಎಲ್ಲ ಸುಖವಾಗಿ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಡಾಕ್ಟರ ಗೆಳೆಯರಲ್ಲಿ ಇಬ್ಬರು ಮುಂದಿನ ವಾರವೇ ಬೇರೆ ದೋಣಿ ಹತ್ತಿದರು. ಡಾಕ್ಟರು ಒಂದು ತಿಂಗಳು ಇತ್ತ ತಲೆ ಹಾಕಲಿಲ್ಲ. ತಿಂಗಳ ಮೇಲೆ ಬಂದಾಗ ಮಗಳನ್ನು ಕರೆದುಕೊಂಡು ಬಂದಿದ್ದರು. ಆ ಹುಡುಗಿ ಮಾವನನ್ನು ಕೇಳಿದ್ದು ಒಂದೇ ಮಾತು: "ಅದು ಈಗ ಮರಿ ಹಾಕಿರುತ್ತಾ?"

"ಹಾಕಿರಬಹುದು ಕಂದಾ. ನಾವು ಯಾರೂ ನೋಡಿಲ್ಲ" ಎಂದ ಮಾವ. ಟಬ್ಬಿನ ದಿನದ ಮೇಲೆ ಅವನು ಮರಿಗಳ ವಿಷಯದಲ್ಲಿ ಖುಷಿಯಿಂದ ಮಾತಾಡಿದ್ದು ಅದೇ ಮೊದಲು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ಬಲೆ ಹಾಕುವವರಾಗಿರಬಹುದು, ರಜೆಗೆ ಗಾಳ ಹಿಡಿದು ಹೋಗುವವರಾಗಿರಬಹುದು, ಮಾರುಕಟ್ಟೆಯಲ್ಲಿ ಮೀನು ಆರಿಸುವವರಾಗಿರಬಹುದು. ತೊರಕೆ ಮಾವ ಕೆಟ್ಟವನಾಗಿರಲಿಲ್ಲ, ನಾವೂ ಅಲ್ಲ. ಗೊತ್ತಿಲ್ಲದೆ ಮಾಡಿದೆವು. ಈಗ ಗೊತ್ತಾಯಿತು. ಬೊಗಸೆಯಷ್ಟಿರುವ ಶಾರ್ಕ್ ಮರಿ, ತೊರಕೆ ಮರಿ ಬುಟ್ಟಿಯಲ್ಲಿ ಕಂಡರೆ ಕೊಳ್ಳಬೇಡಿ. ಯಾವ ಜಾತಿಯನ್ನು ಹಿಡಿಯಬಾರದೆಂಬ ಕಾನೂನಿದೆ ಎಂದು ನಿಮ್ಮೂರಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಫೋಟೋ ಬೇಕೇ, ಅದು ನೀರಿನಲ್ಲಿರುವಾಗಲೇ ತೆಗೆಯಿರಿ. ಹೊಟ್ಟೆ ಉಬ್ಬಿದ ತಾಯಿಯೊಂದು ನಿಮ್ಮ ದೋಣಿಯ ಪಕ್ಕಕ್ಕೆ ಬಂದರೆ ದಯವಿಟ್ಟು ಎತ್ತಬೇಡಿ. ದಾರ ಕತ್ತರಿಸಿ. ಅವಳು ದಿನ ತುಂಬಿ ಹೆರಲಿ.